ತೋಯಿಗ್

ತೂಕ ಒಂಬತ್ತೂವರೆ ಕಿಲೋ. ಹಲ್ಲು ಹನ್ನೆರಡು.
ಕಿವಿ ಚುರುಕು: ಬೆನ್ನ ಹಿಂದೆ ಚಮಚ ಬೀಳಿಸಿದೆ,
ಥಟ್ಟನೆ ತಿರುಗಿದಳು ಉದ್ವಲ್.
‘ಮಾತು?’ ಎಂದೆ.
ಒಲೆಗೆ ಒಣಸಗಣಿ ಹಾಕುತ್ತಿದ್ದ ಗೊಂಚಿಗ್
‘ಇಲ್ಲ’ ಎಂದ.
ಅವನೇನು ಕಡಿಮೆಯೇ?
ಚಹಾ ಕೊಡುವಾಗ ಒಂದು, ಬಾಗಿಲು ಹಾಕುವಾಗ ಒಂದು,
ದಿನಕ್ಕೆ ಹತ್ತು ಮಾತು ಖರ್ಚಾದರೆ ಹೆಚ್ಚು.

ಹೆಂಡತಿ ಚಳಿ ಹಿಡಿಯುವ ಮೊದಲೇ ಪ್ರಾಂತ್ಯದ ಆಸ್ಪತ್ರೆ ಸೇರಿದ್ದಳು,
ಶ್ವಾಸಕೋಶ.
ಉಣ್ಣೆಯ ಗುಡಾರದಲ್ಲಿ ಇವರಿಬ್ಬರೇ.
ಹೊರಗೆ ಇನ್ನೂರೆಂಬತ್ತು ಕುರಿ,
ಅದರಾಚೆ ಗಾಳಿ.

ಚೀಲದಿಂದ ಇಲಾಖೆಯ ಪುಸ್ತಿಕೆ ತೆಗೆದೆ.
ರಕ್ಷಾಪುಟದ ಮೇಲೆ ಬಣ್ಣದ ಮರದ ತುಂಡು ಜೋಡಿಸುತ್ತಿರುವ
ಯಾರದೋ ಮನೆಯ ಗುಂಡುಮಗು.
ಒಳಗೆ ಬರೀ ಅಂಕಿ:
ಗಳಿಗೆಗೆ ಇಷ್ಟು ಸಾವಿರ ನರದ ಹೆಣಿಗೆ,
ಮೂರು ವರ್ಷಕ್ಕೆ ಮಿದುಳು ಇಷ್ಟು ಪಾಲು.
ಹನ್ನೊಂದು ವರ್ಷದಿಂದ ಓದಿ ಹೇಳುತ್ತಿದ್ದೇನೆ.
ಕೇಳಿದವರು ತಲೆಯಾಡಿಸಿ, ನನಗೆ ಇನ್ನೊಂದು ಬಟ್ಟಲು ಚಹಾ ಬಗ್ಗಿಸುತ್ತಾರೆ.

ಪುಸ್ತಿಕೆ ಮಡಚಿ ಅವನನ್ನು ಬಾಗಿಲಿಗೆ ಕರೆದೆ.
ನೋಡು, ಇಲ್ಲಿ ರಸ್ತೆ ಯಾರು ಹಾಕಿದರು?
ನಿನ್ನ ಲಾರಿ, ನನ್ನ ಬೈಕು, ಬಾವಿಗೆ ಹೋಗುವ ಒಂಟೆ,
ಹೋಗಿದ್ದಕ್ಕೇ ಹೋಗಿ ಹೋಗಿ ಬಿದ್ದದ್ದು.
ಒಂದೇ ಸಲ ಹೋದದ್ದನ್ನು
ಬೇಸಿಗೆಗೆ ಹುಲ್ಲು ವಾಪಸು ಇಸಕೊಳ್ಳುತ್ತದೆ.
ಇವಳ ತಲೆಯೊಳಗೆ ಈಗ
ಎಲ್ಲ ದಿಕ್ಕಿಗೂ ಗಾಲಿಯ ಗೆರೆ.
ನೀನು ಯಾವುದರಲ್ಲಿ ಹೋಗುತ್ತ ಬರುತ್ತ ಇರುತ್ತೀಯೋ
ಅದು ದಾರಿ.

ಅವನು ದಾರಿ ನೋಡಿದ. ನನ್ನನ್ನು ನೋಡಿದ.
‘ತಿರುಗಿ ಮಾತಾಡದವಳ ಹತ್ತಿರ
ಏನಂತ ಮಾತಾಡಲಿ?’

ಅದಕ್ಕೂ ಉತ್ತರವಿತ್ತು, ಪುಟ ಹದಿನಾಲ್ಕು.
ತೆಗೆಯುವಷ್ಟರಲ್ಲಿ ಕುರಿದೊಡ್ಡಿಯಲ್ಲಿ ಗಲಾಟೆ.
ಚೊಚ್ಚಲ ಕುರಿಯೊಂದು
ಈದ ಮರಿಯನ್ನು ಹತ್ತಿರ ಬಿಡದೆ ಒದೆಯುತ್ತಿತ್ತು.

ಮಗುವನ್ನು ನಿಲುವಂಗಿಯ ಎದೆಮಡಿಕೆಗೆ ತುರುಕಿ
ಗೊಂಚಿಗ್ ಕುಕ್ಕುರುಗಾಲಲ್ಲಿ ಕೂತ.
ಮರಿಯನ್ನು ತಾಯ ಮೂಗಿಗೆ ಹಿಡಿದು ಶುರುಮಾಡಿದ:
ತೋಯಿಗ್, ತೋಯಿಗ್, ತೋಯಿಗ್...
ಹಾಡಲ್ಲ ಅದು, ಮಾತೂ ಅಲ್ಲ,
ಇವನ ಅಜ್ಜಿ, ಅವಳ ಅಜ್ಜಿ
ಮುನಿದ ಕುರಿಗಳ ಕಿವಿಯಲ್ಲಿ ಸವೆಸಿ ಸವೆಸಿ ನುಣುಪಾದ ಸದ್ದು.
ಕುರಿ ಮುಖ ತಿರುಗಿಸಿತು. ಕಾದ.
ಒಂದು ಕಿವಿ ಇತ್ತ ಆಡಿಸಿತು. ತೋಯಿಗ್.
ಮೂಸಿತು. ತೋಯಿಗ್.
ಮತ್ತೆ ಒದೆಯಿತು. ಬೇಸರವಿಲ್ಲದೆ ಮೊದಲಿನಿಂದ, ತೋಯಿಗ್.
ಹತ್ತು ಮಾತಿನ ಮನುಷ್ಯ
ಅರ್ಧ ಗಂಟೆ
ತಿರುಗಿ ಮಾತಾಡದವಳ ಜೊತೆ!
ನನ್ನ ಕಾಲು ಮರಗಟ್ಟಿತ್ತು.

ಮರಿ ಚೀಪುವ ಸದ್ದು ಎದ್ದಿತು.
ಆಗ ಅವನ ಎದೆಮಡಿಕೆಯಿಂದ
ತುಟಿ ದುಂಡಗೆ ಮಾಡಿ
‘ತೋ’ ಎಂದಳು ಉದ್ವಲ್.

ಗೊಂಚಿಗ್ ಗಲ್ಲ ಕೆಳಗಿಳಿಸಿ ನೋಡಿದ.
ನಾನು ಬಾಯಿ ತೆರೆದವಳು ಮುಚ್ಚಿಕೊಂಡೆ.
‘ತೋಯಿಗ್’ ಎಂದ, ಕುರಿಗಲ್ಲ.
‘ತೋ.’
‘ತೋಯಿಗ್.’
ಕಾದ.
‘ತೋ!’

ಹುಲ್ಲು ಚಿಗುರಿದ ಮೇಲೆ ಮತ್ತೆ ಹೋದೆ.
ಚಾಪೆಯ ಮೇಲೆ ಕುರಿಯ ಕೀಲುಮೂಳೆಗಳ ರಾಶಿ,
‘ಇದು ಕುದುರೆ, ಇದು ಒಂಟೆ, ಇದನ್ನು ಬಾಯಿಗೆ ಹಾಕಬೇಡ’
ಎನ್ನುತ್ತಿದ್ದವನು ನಾನು ಬಂದದ್ದು ಕಂಡು ನಾಚಿ ಸುಮ್ಮನಾದ.
ಹೆಂಡತಿ ಇನ್ನೂ ಬಂದಿರಲಿಲ್ಲ.
ಸಂಜೆ ಗುಡ್ಡ ಹತ್ತಿದರೆ ಸಿಗ್ನಲ್ಲು,
ಫೋನಿನಲ್ಲಿ ಅವಳಿಗೂ ಒಂದು ತೋ ದಿನಾ ಹೋಗುತ್ತದಂತೆ.

ಫಾರಂ ಬಿಡಿಸಿದೆ. ತೂಕ. ಹಲ್ಲು.
ಮಗು ಆಡುವ ಮಾತುಗಳ ಸಂಖ್ಯೆ: ಒಂದು, ಎಂದು ಬರೆದೆ.
ಬಗ್ಗಿ ನೋಡಿದವನ ಹುಬ್ಬು ಗಂಟಾಯಿತು.
‘ಒಂದು ಹೇಗಾಗುತ್ತದೆ?
ಕುರಿಗೆ ಒಂದು ತೋ. ಒಲೆಗೆ ಬೇರೆ ತೋ.
ಅಮ್ಮನಿಗೆ ಉದ್ದ. ಹಸಿವಾದಾಗಿನದು ಮೂಗಿನಲ್ಲಿ.
ಸರಿಯಾಗಿ ಕೇಳು.’

ಕೇಳಿದೆ. ಕಣ್ಣು ಮುಚ್ಚಿಯೂ ಕೇಳಿದೆ.
ನನಗೆ ಎಲ್ಲ ಒಂದೇ.
ಅವನಿಗೆ ಬೇರೆಬೇರೆ.
ಹೊಡೆದುಹಾಕಿ, ನಾಲ್ಕು ಎಂದು ತಿದ್ದಿದೆ.

‘ಐದು’ ಎಂದ.